ನರದ ಪರೀಕ್ಷೆ ನಾರ್ಮಲ್, ಆದರೂ ಪಾದ ಉರಿಯುವುದು ಯಾಕೆ?

ಪ್ರಶ್ನೆ: ನನಗೆ 47 ವರ್ಷ, ಶಾಲಾ ಶಿಕ್ಷಕಿ. ಎರಡು ವರ್ಷದಿಂದ ಎರಡೂ ಪಾದ ಉರಿಯುತ್ತಿವೆ. ರಾತ್ರಿ ಹೊದಿಕೆ ತಾಗಿದರೂ ತಡೆಯಲಾಗುವುದಿಲ್ಲ. ಸಕ್ಕರೆ ಕಾಯಿಲೆ ಇಲ್ಲ. ಬಿ12, ಥೈರಾಯ್ಡ್ ಸರಿಯಾಗಿವೆ. ನರಗಳ ಪರೀಕ್ಷೆಯೂ ನಾರ್ಮಲ್ ಬಂತು. ‘ಏನೂ ಇಲ್ಲ, ಟೆನ್ಷನ್ ಅಷ್ಟೇ’ ಎಂದು ಅಮಿಟ್ರಿಪ್ಟಿಲಿನ್ ಮಾತ್ರೆ ಬರೆದುಕೊಟ್ಟರು. ಅದನ್ನು ತೆಗೆದುಕೊಂಡ ಮೇಲೆ ಬಾಯಿ ಇನ್ನೂ ಒಣಗುತ್ತದೆ. ಮೊದಲೇ ಪಾಠ ಮಾಡುವಾಗ ಪಕ್ಕದಲ್ಲಿ ನೀರಿನ ಬಾಟಲಿ ಇರಲೇಬೇಕು, ಕಣ್ಣಲ್ಲಿ ಮರಳು ಬಿದ್ದ ಹಾಗಿರುತ್ತದೆ. ಉರಿ ಬರೀ ನನ್ನ ಭ್ರಮೆಯೇ?
(ಹೆಸರು ಬೇಡ ಎಂದಿದ್ದಾರೆ)

ಉತ್ತರ: ಭ್ರಮೆ ಅಲ್ಲ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನಿಸಿದ್ದು ಕೊನೆಗೆ ಸುಮ್ನೆ ಸೇರಿಸಿದ ಆ ನೀರಿನ ಬಾಟಲಿ, ಕಣ್ಣಿನ ಮರಳು. ಪಾದದ ಉರಿಗೆ ಒಬ್ಬರು ಡಾಕ್ಟರು, ಕಣ್ಣಿಗೆ ಇನ್ನೊಬ್ಬರು ಎಂದು ಹೋದರೆ ಎರಡನ್ನೂ ಒಟ್ಟಿಗೆ ಕೇಳಿಸಿಕೊಳ್ಳುವವರು ಯಾರೂ ಇರುವುದಿಲ್ಲ.

ಮೊದಲು ಆ ನಾರ್ಮಲ್ ರಿಪೋರ್ಟಿನ ವಿಷಯ. ಚರ್ಮದ ಮೇಲೆ ಸಣ್ಣಗೆ ಕರೆಂಟ್ ಕೊಟ್ಟು, ನರದಲ್ಲಿ ಸಂಕೇತ ಎಷ್ಟು ಬೇಗ ಓಡುತ್ತದೆ ಎಂದು ಅಳೆಯುತ್ತಾರೆ. ಈ ಪರೀಕ್ಷೆಗೆ ಸಿಗುವುದು ನರದೊಳಗಿನ ದಪ್ಪ ಎಳೆಗಳು ಮಾತ್ರ. ಅವುಗಳಲ್ಲಿ ಸಂಕೇತ ಸೆಕೆಂಡಿಗೆ ಸುಮಾರು 50 ಮೀಟರ್ ಓಡುತ್ತದೆ. ಉರಿ ನೋವನ್ನು ತರುವ ತೀರಾ ತೆಳು ಎಳೆಗಳಲ್ಲಿ ಅದು ಸೆಕೆಂಡಿಗೆ ಒಂದು ಮೀಟರಿನ ಆಸುಪಾಸಿನಲ್ಲಿ ತೆವಳುತ್ತದೆ, ಮಶಿನ್ನಿಗೆ ಕಾಣುವುದೇ ಇಲ್ಲ. ಬರೀ ತೆಳು ಎಳೆಗಳು ಹಾಳಾಗಿದ್ದರೆ ರಿಪೋರ್ಟ್ ನಾರ್ಮಲ್ ಬರುತ್ತದೆ, ಉರಿ ಮಾತ್ರ ಹಾಗೇ ಇರುತ್ತದೆ. ‘ನಾರ್ಮಲ್’ ಎಂದು ಫೈಲ್ ಮುಚ್ಚುವವರ ಮೇಲೆ ನನಗೆ ಸ್ವಲ್ಪ ಸಿಟ್ಟೇ ಇದೆ.

ತೆಳು ಎಳೆಗಳನ್ನು ನೋಡುವ ದಾರಿ ಇದೆ. ಕಾಲಿನ ಹೊರಗಡೆ, ಹರಡಿನಿಂದ ಸುಮಾರು 10 ಸೆಂಟಿಮೀಟರ್ ಮೇಲೆ, 3 ಮಿಲಿಮೀಟರ್ ಅಗಲದ ಚರ್ಮದ ಚೂರು ತೆಗೆದು, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ಎಳೆಗಳನ್ನು ಎಣಿಸುತ್ತಾರೆ. ಮರಗಟ್ಟಿಸಿ ಮಾಡುವುದರಿಂದ ನೋವು ಕಡಿಮೆ, ಸಾಮಾನ್ಯವಾಗಿ ಹೊಲಿಗೆಯೂ ಬೇಕಾಗುವುದಿಲ್ಲ.

ಇನ್ನು ಕಾರಣ. ಪತ್ರ ಓದಿ ರೋಗ ಇದೇ ಎಂದು ಹೇಳುವುದು ತಪ್ಪು. ಆದರೂ ಒಣ ಕಣ್ಣು, ಒಣ ಬಾಯಿ, ಪಾದದ ಉರಿ ಮೂರೂ ಸೇರಿದಾಗ ಶೋಗ್ರೆನ್ ಕಾಯಿಲೆಯನ್ನು ಹುಡುಕಲೇಬೇಕು. ಸ್ವೀಡನ್ನಿನ ಕಣ್ಣಿನ ಡಾಕ್ಟರ್ ಹೆನ್ರಿಕ್ ಶೋಗ್ರೆನ್ 1933ರಲ್ಲಿ ಕಣ್ಣೀರು ಬತ್ತಿದ್ದ 19 ಹೆಂಗಸರ ಬಗ್ಗೆ ಬರೆದರು, ಹೆಸರು ಅಲ್ಲಿಂದ ಬಂತು. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಕಣಗಳೇ ಕಣ್ಣೀರಿನ ಮತ್ತು ಜೊಲ್ಲಿನ ಗ್ರಂಥಿಗಳ ಮೇಲೆ ಬೀಳುವ ಕಾಯಿಲೆ ಇದು. ನರಗಳನ್ನೂ ಬಿಡುವುದಿಲ್ಲ. ಕೆಲವರಲ್ಲಿ ನರದ ತೊಂದರೆ ಮೊದಲು, ಒಣಗುವುದು ಆಮೇಲೆ.

ರಕ್ತದಲ್ಲಿ ಆಂಟಿ-ರೋ ಎಂಬ ಆಂಟಿಬಾಡಿ (ನಮ್ಮ ದೇಹದ ಮೇಲೇ ತಿರುಗಿಬೀಳುವ ರೋಗನಿರೋಧಕ ಪ್ರೋಟೀನ್) ಇದೆಯೇ ನೋಡಿಸಿ. ಕಣ್ಣಿನ ಡಾಕ್ಟರ್ ರೆಪ್ಪೆಯಂಚಿಗೆ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕಾಯುತ್ತಾರೆ. 5 ಮಿಲಿಮೀಟರಿಗಿಂತ ಜಾಸ್ತಿ ನೆನೆಯದಿದ್ದರೆ ಕಣ್ಣೀರು ಕಡಿಮೆ ಎಂದರ್ಥ. ಆಂಟಿಬಾಡಿ ಇಲ್ಲ ಎಂದು ಬಂದರೂ ಕಾಯಿಲೆ ಇಲ್ಲ ಎಂದಾಗುವುದಿಲ್ಲ. ಆಗ ಕೆಳತುಟಿಯ ಒಳಗಿನ ಪುಟ್ಟ ಗ್ರಂಥಿಗಳ ಚೂರು ತೆಗೆದು ನೋಡಬೇಕಾಗುತ್ತದೆ. ಇದಕ್ಕೆಲ್ಲ ರುಮಟಾಲಜಿಸ್ಟ್, ಅಂದರೆ ಸಂಧಿವಾತ ಮತ್ತು ಇಂಥ ರೋಗನಿರೋಧಕ ಕಾಯಿಲೆಗಳ ತಜ್ಞರು ಬೇಕು.

ನಿಮ್ಮ ಮಾತ್ರೆಯ ವಿಷಯ. ಅಮಿಟ್ರಿಪ್ಟಿಲಿನ್ ನರದ ನೋವಿಗೆ ಒಳ್ಳೆಯದೇ. ಆದರೆ ಅದು ಬಾಯಿ ಒಣಗಿಸುತ್ತದೆ, ನಿಮ್ಮಂಥವರಿಗೆ ಹೊಂದುವುದಿಲ್ಲ. ಅದರ ಬದಲು ನರದ ನೋವಿನ ಬೇರೆ ಮಾತ್ರೆಗಳಾದ ಗ್ಯಾಬಪೆಂಟಿನ್ ಅಥವಾ ಪ್ರಿಗ್ಯಾಬಲಿನ್ ಆಗುತ್ತದೆಯೇ ಎಂದು ಡಾಕ್ಟರನ್ನು ಕೇಳಿ. ಈಗಿನ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಜೊತೆಗೆ ‘ನರಕ್ಕೆ ಶಕ್ತಿ’ ಎಂದು ವಿಟಮಿನ್ ಮಾತ್ರೆ ನುಂಗುತ್ತಿದ್ದರೆ ಅದರಲ್ಲಿ ಬಿ6 ಎಷ್ಟಿದೆ ನೋಡಿ. ಜಾಸ್ತಿ ಬಿ6 ತುಂಬಾ ದಿನ ತಿಂದರೆ ಅದೇ ನರವನ್ನು ಕೆಡಿಸುತ್ತದೆ!

ಒಂದು ವಿಷಯಕ್ಕೆ ಮಾತ್ರ ಕಾಯಬೇಡಿ. ಮುಖ ತೊಳೆಯಲು ಕಣ್ಣು ಮುಚ್ಚಿದಾಗ ಮೈ ವಾಲುವುದು, ಕತ್ತಲಲ್ಲಿ ಕಾಲು ಎಲ್ಲಿಟ್ಟೆ ಎಂದೇ ತಿಳಿಯದಿರುವುದು, ಗುಂಡಿ ಹಾಕಲು ಬೆರಳಿಗೆ ಗುಂಡಿಯೇ ಸಿಗದಿರುವುದು. ಹೀಗಾದರೆ ಬೆನ್ನುಹುರಿಯ ಪಕ್ಕದಲ್ಲಿರುವ, ಸ್ಪರ್ಶ ತಿಳಿಸುವ ನರಕೋಶಗಳ ಗಂಟುಗಳಿಗೇ ಪೆಟ್ಟು ಬಿದ್ದಿರಬಹುದು. ಅಲ್ಲಿ ರಕ್ತಕ್ಕೂ ನರಕ್ಕೂ ನಡುವಿನ ತಡೆ ಸಡಿಲ, ಆಂಟಿಬಾಡಿಗಳು ಸಲೀಸಾಗಿ ಒಳಗೆ ಬರುತ್ತವೆ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ, ಹಾಗಾಗಿ ಚಿಕಿತ್ಸೆ ಬೇಗ ಶುರುವಾಗಬೇಕು.

ಪ್ರಶ್ನೆ: ಅಣ್ಣನಿಗೆ ತುಂಬಾ ವರ್ಷದಿಂದ ರುಮಟಾಯ್ಡ್ ಸಂಧಿವಾತ. ಮೊನ್ನೆ ಬೆಳಗ್ಗೆ ಎದ್ದಾಗ ಬಲಪಾದ ಮೇಲೆತ್ತಲು ಆಗಲಿಲ್ಲ, ನೆಲಕ್ಕೆ ಎಳೆಯುತ್ತದೆ. ಡಾಕ್ಟರ್ ಭೇಟಿ ಮೂರು ವಾರದ ನಂತರ ಇದೆ. ಅಲ್ಲಿಯವರೆಗೆ ಕಾಯಬಹುದೇ?

ಉತ್ತರ: ಬೇಡ. ಸಂಚಿಕೆ ಬರುವವರೆಗೂ ಕಾಯಿಸದೆ ನಿಮಗೆ ಅಂದೇ ನೇರವಾಗಿ ತಿಳಿಸಿದ್ದೆವು. ಇಲ್ಲಿ ಬರೆಯುತ್ತಿರುವುದು ಉಳಿದವರಿಗಾಗಿ.

ನರಕ್ಕೂ ರಕ್ತ ಬೇಕು, ಅಲ್ವಾ? ಅದನ್ನು ತರುವ ತೀರಾ ಸಣ್ಣ ನಾಳಗಳು ರುಮಟಾಯ್ಡ್ ಸಂಧಿವಾತದ ಉರಿಯೂತದಿಂದ ಮುಚ್ಚಿಹೋದರೆ ಆ ನರ ಇದ್ದಕ್ಕಿದ್ದಂತೆ ಕೈಕೊಡುತ್ತದೆ. ಇವತ್ತು ಒಂದು ಪಾದ, ಮುಂದಿನ ವಾರ ಇನ್ನೊಂದು ಕಡೆಯ ಮಣಿಕಟ್ಟು, ಹೀಗೆ ಒಂದೊಂದೇ ನರ ಹೋಗಬಹುದು. ಇದೇ ಎಂದು ಖಚಿತವಾದರೆ ಸ್ಟಿರಾಯ್ಡ್ ಜೊತೆಗೆ ಸೈಕ್ಲೋಫಾಸ್ಫಮೈಡ್ ಅಥವಾ ರಿಟುಕ್ಸಿಮ್ಯಾಬ್‌ನಂಥ ಬಲವಾದ ಔಷಧಿ ಬೇಕಾಗುತ್ತದೆ. ಮೊಣಕಾಲಿನ ಹತ್ತಿರ ನರ ಒತ್ತಿಹೋಗಿದ್ದರೂ, ಸೊಂಟದ ಡಿಸ್ಕ್ ಜಾರಿದ್ದರೂ ಪಾದ ಬೀಳುತ್ತದೆ. ಯಾವುದು ಎಂದು ಅದೇ ದಿನ ಆಸ್ಪತ್ರೆಯಲ್ಲಿ ನೋಡಿಸಬೇಕು.

ಚಿಕಿತ್ಸೆ ಶುರುವಾದ ಮೇಲೆ ತಾಳ್ಮೆ ಬೇಕು. ನರದ ಎಳೆ ದಿನಕ್ಕೆ ಬೆಳೆಯುವುದು ಸುಮಾರು 1 ಮಿಲಿಮೀಟರ್ ಮಾತ್ರ. ಮೊಣಕಾಲಿನಿಂದ ಪಾದಕ್ಕೆ ತಲುಪಲು ವರ್ಷ ಮೀರಬಹುದು. ಅಲ್ಲಿಯವರೆಗೆ ಬೀಳದಂತೆ ಪಾದವನ್ನು ಎತ್ತಿ ಹಿಡಿಯುವ ಪಟ್ಟಿ ಹಾಕಿಸಿ, ಫಿಸಿಯೋಥೆರಪಿ ಬಿಡಬೇಡಿ.