‘ನಾನು ಕೊಟ್ಟ ಕಾಯಿಲೆ’: ಗೀಳು ರೋಗ, ಆನುವಂಶಿಕತೆ ಮತ್ತು ಒಬ್ಬ ತಂದೆ

ಬೇಡವೆಂದರೂ ಮರುಕಳಿಸುವ ಯೋಚನೆ, ಅದನ್ನು ತಣಿಸಲು ಮತ್ತೆ ಮತ್ತೆ ಮಾಡುವ ಕ್ರಿಯೆ: ಇದೇ ಗೀಳು ರೋಗ (ಒಸಿಡಿ). ಅದರ ಬಗ್ಗೆ ಕುಟುಂಬದವರಿಗೆ ವಿವರಿಸುವಾಗ ಆನುವಂಶಿಕತೆಯ ಮಾತು ಬಂದೇ ಬರುತ್ತದೆ. ಆ ಮಾತನ್ನು ಕೆಲವರು ‘ಹಾಗಿದ್ದರೆ ಔಷಧಿ ಯಾಕೆ, ಹಣೆಬರಹ’ ಎಂದು ತೆಗೆದುಕೊಂಡರೆ, ಇನ್ನು ಕೆಲವರು ತಪ್ಪೊಪ್ಪಿಗೆಯಂತೆ ಹೊತ್ತುಕೊಂಡು ಹೋಗುತ್ತಾರೆ. ಎರಡನೆಯ ಬಗೆಯವರು ಆಪ್ತಸಲಹೆಗಾರ್ತಿಯಾದ ನನ್ನಲ್ಲಿಗೆ ಮತ್ತೆ ಮತ್ತೆ ಬರುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಹುಡುಗ ಬೆಂಗಳೂರಿನ ಹಾಸ್ಟೆಲ್‌ನಲ್ಲಿದ್ದು ಎಂಜಿನಿಯರಿಂಗ್ ಓದುತ್ತಿದ್ದ. ಊರಿನ ಮನೆಯಲ್ಲಿ ಗ್ಯಾಸ್ ಸೋರಿ ಎಲ್ಲರೂ ಸಾಯುತ್ತಾರೆ, ಅದಕ್ಕೆ ತಾನೇ ಹೊಣೆ ಎಂಬ ಯೋಚನೆ ಪಿಯುಸಿಯಿಂದಲೇ ಅವನನ್ನು ಕಾಡುತ್ತಿತ್ತು. ಮನೋವೈದ್ಯರು ಖಿನ್ನತೆಗೂ ಗೀಳಿಗೂ ಕೊಡುವ ಸರ್ಟ್ರಾಲಿನ್ ಮಾತ್ರೆಯನ್ನು 50 ಮಿಲಿಗ್ರಾಂ ಬರೆದುಕೊಟ್ಟಿದ್ದರು. ಮೂರು ವಾರ ನುಂಗಿ, ಗುಣ ಕಾಣಲಿಲ್ಲವೆಂದು ಬಿಟ್ಟಿದ್ದ. ತಂದೆ ಸಹಕಾರಿ ಬ್ಯಾಂಕಿನಿಂದ ನಿವೃತ್ತರಾದವರು. ಮದುವೆಗೆ ಬಂದ ಮಗಳಿಗೂ ಇದು ಬರುತ್ತದೆಯೇ ಎಂದು ತಿಳಿಯಲು ವಂಶವಾಹಿ ಪರೀಕ್ಷೆ ಎಲ್ಲಿ ಮಾಡುತ್ತಾರೆಂದು ಕೇಳುವುದೇ ಅವರು ಬಂದ ಉದ್ದೇಶವಾಗಿತ್ತು.

ಮಾತಿನ ನಡುವೆ ಅವರು ಫೋನ್ ತೆಗೆದು ನನ್ನ ಮುಂದಿಟ್ಟರು. ವಾಟ್ಸ್‌ಆ್ಯಪ್‌ನಲ್ಲಿ ಮಗನಿಗೆ ಕಳಿಸಿದ ಚಿತ್ರಗಳೆಲ್ಲ ಒಂದೇ ಬಗೆಯವು: ಸಿಲಿಂಡರ್‌ನ ರೆಗ್ಯುಲೇಟರ್, ಒಲೆಯ ತಿರುಪು, ಮತ್ತೆ ರೆಗ್ಯುಲೇಟರ್. ಕೆಲವಕ್ಕೆ ಮಗನ ಉತ್ತರವಿತ್ತು: ‘ಅಪ್ಪಾ, ಇದು ನಿನ್ನೆಯದಲ್ಲ ತಾನೇ? ಇವತ್ತಿನ ಪೇಪರ್ ಪಕ್ಕದಲ್ಲಿಟ್ಟು ಇನ್ನೊಂದು ತೆಗಿ.’ ಮುಂದಿನ ಚಿತ್ರದಲ್ಲಿ ಸಿಲಿಂಡರ್‌ಗೆ ಆ ದಿನದ ಪತ್ರಿಕೆಯನ್ನು ಒರಗಿಸಿ ಇಡಲಾಗಿತ್ತು. ಇದನ್ನು ಯಾಕೆ ಮಾಡುತ್ತೀರಿ ಎಂದು ಕೇಳಿದಾಗ ಅವರು ಸ್ವಲ್ಪವೂ ತಡವರಿಸದೆ ಹೇಳಿದರು: ‘ನಾನು ಕೊಟ್ಟ ಕಾಯಿಲೆ ಮೇಡಂ. ನಮ್ಮಪ್ಪನೂ ಬೀಗ ಎಳೆದೆಳೆದು ನೋಡುತ್ತಿದ್ದರು, ನಾನೂ ನೋಡುತ್ತೇನೆ. ಒಂದು ಫೋಟೋ ಕಳಿಸುವುದಕ್ಕೂ ಆಗದಿದ್ದರೆ ನಾನೆಂಥ ಅಪ್ಪ?’

ಇದು ಪ್ರೀತಿಯೇ ಹೌದು. ಆದರೆ ಗೀಳು ಬೆಳೆಯುವುದು ಇಂಥ ಪ್ರೀತಿಯನ್ನು ತಿಂದೇ. ಪ್ರತಿ ಚಿತ್ರ ತಂದ ನೆಮ್ಮದಿ ಕೆಲವೇ ನಿಮಿಷಗಳದ್ದು. ಚಿತ್ರವಿಲ್ಲದೆ ಆತಂಕ ತಾನಾಗಿ ಇಳಿಯುತ್ತದೆ ಎಂಬುದನ್ನು ಹುಡುಗನ ಮಿದುಳು ಕಲಿಯುವ ಅವಕಾಶವನ್ನು ಅದು ಕಸಿದುಕೊಳ್ಳುತ್ತಿತ್ತು. ಬ್ಯಾಂಕಿನವರಾದ ಕಾರಣ ಅವರ ಭಾಷೆಯಲ್ಲೇ ಹೇಳಿದೆ: ಅಸಲಿನಲ್ಲಿ ನಿಮ್ಮ ಪಾಲು ಇರಬಹುದು, ಆದರೆ ಬಡ್ಡಿ ಬೆಳೆಯುತ್ತಿರುವುದು ಪ್ರತಿ ರಾತ್ರಿ ಈ ಫೋನಿನಿಂದ.

ಅಸಲಿನ ಲೆಕ್ಕವನ್ನೂ ಬಿಡಿಸಿದೆ. ಜೀವಮಾನದಲ್ಲಿ ಗೀಳು ರೋಗಕ್ಕೆ ಒಳಗಾಗುವವರು 100ರಲ್ಲಿ ಸುಮಾರು 2ರಿಂದ 3 ಮಂದಿ. ಒಡಹುಟ್ಟಿದವರಿಗೋ ತಂದೆತಾಯಿಗೋ ಇದ್ದರೆ ಈ ಸಾಧ್ಯತೆ ಹಲವು ಪಟ್ಟು ಹೆಚ್ಚುತ್ತದೆ, ಬಾಲ್ಯದಲ್ಲೇ ಕಾಣಿಸಿಕೊಂಡ ರೋಗವಾದರೆ ಇನ್ನೂ ಹೆಚ್ಚು. ಆದರೂ ಅಂಥ ಮನೆಗಳಲ್ಲಿ ಬಹುಪಾಲು ಜನರಿಗೆ ಬರುವುದಿಲ್ಲ. ಅವಳಿಗಳ ಅಧ್ಯಯನಗಳು ಹೇಳುವಂತೆ ವ್ಯಕ್ತಿ ವ್ಯಕ್ತಿಯ ನಡುವಣ ವ್ಯತ್ಯಾಸದಲ್ಲಿ ಸುಮಾರು ಅರ್ಧದಷ್ಟು ಆನುವಂಶಿಕ. 2025ರಲ್ಲಿ ಪ್ರಕಟವಾದ ಬೃಹತ್ ಅಧ್ಯಯನವೊಂದು, 50 ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿಯಿಂದ, ವಂಶವಾಹಿಗಳಲ್ಲಿ ಈ ರೋಗಕ್ಕೆ ನಂಟಿರುವ 30 ತಾಣಗಳನ್ನು ಗುರುತಿಸಿದೆ. ಪ್ರತಿಯೊಂದರ ಪ್ರಭಾವವೂ ತೀರಾ ಸಣ್ಣದು. ಆದ್ದರಿಂದಲೇ ಮಗಳ ರಕ್ತ ತೆಗೆದು ‘ಬರುತ್ತದೆ, ಬರುವುದಿಲ್ಲ’ ಎಂದು ಹೇಳುವ ಪರೀಕ್ಷೆ ಇಂದಿಗೂ ಇಲ್ಲ. ಹಾಗೆ ಯಾರಾದರೂ ಹಣ ಕೇಳಿದರೆ ಕೊಡಬೇಡಿ ಎಂದೆ.

ನಂತರ ಸಲಹೆ. ಮಗನನ್ನೂ ಕರೆಸಿ, ಅವನ ಒಪ್ಪಿಗೆ ಪಡೆದೇ ಶುರುಮಾಡಿದೆವು. ಮೊದಲು ರಾತ್ರಿಗೆ ಒಂದೇ ಚಿತ್ರ, ಪತ್ರಿಕೆ ಇಲ್ಲದೆ, ಆಮೇಲೆ ದಿನ ಬಿಟ್ಟು ದಿನ, ಆಮೇಲೆ ಇಲ್ಲ. ಮಗ ಒತ್ತಾಯಿಸಿದರೆ ತಂದೆ ಬರೆಯಬೇಕಾದ ಉತ್ತರವನ್ನೂ ಇಬ್ಬರೂ ಕೂತು ನಿಶ್ಚಯಿಸಿದರು: ‘ಕೇಳುತ್ತಿರುವುದು ಗೀಳು. ಅದಕ್ಕೆ ಉತ್ತರ ಕೊಡುವುದಿಲ್ಲ. ನಿನ್ನ ಊಟ ಆಯಿತಾ?’ ಮಾತ್ರೆಯ ವಿಷಯಕ್ಕೆ ಮನೋವೈದ್ಯರ ಬಳಿಗೇ ಮರಳಿ ಕಳಿಸಿದೆ. ಖಿನ್ನತೆಗೆ ಸಾಕಾಗುವ ಪ್ರಮಾಣ ಗೀಳಿಗೆ ಅನೇಕರಲ್ಲಿ ಸಾಲದು. ಸರ್ಟ್ರಾಲಿನ್ ಅನ್ನು ಹಂತಹಂತವಾಗಿ 200 ಮಿಲಿಗ್ರಾಂವರೆಗೆ ಏರಿಸುವುದುಂಟು, ಫಲ ತಿಳಿಯಲು 8ರಿಂದ 12 ವಾರ ಕಾಯಬೇಕು, ಗುಣವಾದ ಮೇಲೂ ಕನಿಷ್ಠ ಒಂದೆರಡು ವರ್ಷ ಮುಂದುವರಿಸಬೇಕು. ಮೂರು ವಾರದಲ್ಲಿ ಕೈಬಿಟ್ಟ ಔಷಧಿಯನ್ನು ‘ಫಲಿಸಲಿಲ್ಲ’ ಎನ್ನಲು ಬಾರದು.

ಆಪ್ತಸಲಹೆಗಾರರು ಮಾತ್ರೆಯ ಮಾತೆತ್ತುವುದು ಸರಿಯಲ್ಲ ಎಂದು ಆಕ್ಷೇಪಿಸುವ ಸಹೋದ್ಯೋಗಿಗಳಿದ್ದಾರೆ. ಮಾತ್ರೆ ಬರೆಯುವುದು, ಏರಿಸುವುದು ನನ್ನ ಕೆಲಸವಲ್ಲ, ನಿಜ. ಆದರೆ ಏಕೆ ನುಂಗಬೇಕು, ಏಕೆ ಕಾಯಬೇಕು ಎಂದು ತಿಳಿಸದೆ ಕಳಿಸಿದರೆ ಹುಡುಗ ಮತ್ತೆ ಬಿಡುತ್ತಾನೆ. ಜೈವಿಕ ಕಾರಣ ಎಂದೊಡನೆ ಮಾತಿನ ಚಿಕಿತ್ಸೆ ವ್ಯರ್ಥ ಎಂದುಕೊಳ್ಳುವವರಿಗೆ ನಾನು ಹೇಳುವುದು 1992ರ ಒಂದು ಅಧ್ಯಯನವನ್ನು. ಲಾಸ್ ಏಂಜಲೀಸ್‌ನಲ್ಲಿ ಲೂಯಿಸ್ ಬ್ಯಾಕ್ಸ್‌ಟರ್ ಮತ್ತು ಸಂಗಡಿಗರು ಗೀಳು ರೋಗಿಗಳ ಮಿದುಳನ್ನು ಚಿಕಿತ್ಸೆಗೆ ಮುಂಚೆ ಮತ್ತು ನಂತರ, ಮಿದುಳಿನ ಚಟುವಟಿಕೆಯನ್ನು ತೋರಿಸುವ ಪೆಟ್ ಸ್ಕ್ಯಾನ್ ಮಾಡಿದರು. ಕೆಲವರಿಗೆ ಫ್ಲುಯೊಕ್ಸೆಟಿನ್ ಎಂಬ ಔಷಧಿ, ಕೆಲವರಿಗೆ ವರ್ತನಾ ಚಿಕಿತ್ಸೆ. ಗುಣ ಕಂಡವರಲ್ಲಿ, ಚಿಕಿತ್ಸೆ ಯಾವುದೇ ಆಗಿರಲಿ, ಕಾಡೇಟ್ ಎಂಬ ಭಾಗದ ಅತಿ ಚಟುವಟಿಕೆ ಇಳಿದಿತ್ತು. ಭಯವನ್ನು ಎದುರಿಸಿ, ಪರೀಕ್ಷಿಸುವ ಕ್ರಿಯೆಯನ್ನು ತಡೆಹಿಡಿಯುವ ಅಭ್ಯಾಸವೂ ಮಿದುಳಿನ ಮೇಲೆ ಆಗುವ ಚಿಕಿತ್ಸೆಯೇ.

ಚಿತ್ರಗಳು ನಿಂತಿವೆ. ಹಾಸ್ಟೆಲ್‌ನಲ್ಲಿ ಇಸ್ತ್ರಿಪೆಟ್ಟಿಗೆಯ ಪ್ಲಗ್ಗನ್ನು ಹುಡುಗ ಈಗಲೂ ಒಂದೆರಡು ಬಾರಿ ನೋಡುತ್ತಾನೆ, ಚಿಕಿತ್ಸೆ ಮುಂದುವರಿದಿದೆ. ತಂದೆ ಒಂದು ಸಂಜೆ ತಾವೊಬ್ಬರೇ ಬಂದು, ‘ನನ್ನ ಬೀಗಕ್ಕೂ ಈ ವಯಸ್ಸಿನಲ್ಲಿ ಔಷಧಿ ಉಂಟೇ?’ ಎಂದು ಕೇಳಿದರು. ಉಂಟು ಎಂದೆ, ಅದೇ ಮನೋವೈದ್ಯರಿಗೆ ಪತ್ರ ಬರೆದುಕೊಟ್ಟೆ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುತ್ತಿರುವುದನ್ನು ಮರೆಯದೆ ಹೇಳಿ ಎಂದೂ ಸೇರಿಸಿದೆ.