ಗ್ರೀಕ್ ಶೈಲಿಯ ಒಣ ಎಲೆ ಮಸಾಲೆ ಮನೆಯಲ್ಲಿ ಮಾಡಿದರೆ ಬೇಗ ಘಮ ಹೋಗುತ್ತದೆ, ಯಾಕೆ?

ಹೆಚ್ಚಾಗಿ ಕಾರಣ ಒಂದೇ, ಎಲೆಗಳನ್ನು ಮೊದಲೇ ನುಣ್ಣಗೆ ಪುಡಿ ಮಾಡಿಟ್ಟಿರುತ್ತೀರಿ. ಈ ಮಸಾಲೆಯ ಮುಖ್ಯ ಎಲೆಯಾದ ಓರೆಗಾನೊದ ಘಮ ಎಲೆಯ ಮೇಲಿನ ಕಣ್ಣಿಗೆ ಕಾಣದಷ್ಟು ಸಣ್ಣ ಎಣ್ಣೆ ಗುಳ್ಳೆಗಳಲ್ಲಿ ಇರುತ್ತದೆ, ಪುಡಿ ಮಾಡಿದ ಕೂಡಲೇ ಅವು ಒಡೆದು, ಅಡುಗೆಗೆ ಬರುವಷ್ಟರಲ್ಲಿ ಘಮ ಹಾರಿ ಸಪ್ಪೆಯಾಗಿಬಿಡುತ್ತದೆ. ಚೂರು ಎಲೆಗಳನ್ನು ಹಾಗೇ ಬಿಡಿ. 3 ಚಮಚ ಓರೆಗಾನೊಗೆ ಥೈಮ್ ಎಂಬ ಘಮದ ಒಣ ಎಲೆ, ಒಣ ಪುದೀನ, ಬೆಳ್ಳುಳ್ಳಿ ಪುಡಿ ತಲಾ 1 ಚಮಚ, ಕರಿಮೆಣಸು ಅರ್ಧ ಚಮಚ. ಓರೆಗಾನೊ ಜಾಸ್ತಿ ಇದ್ದರೇನೇ ಆ ರುಚಿ. ಉಪ್ಪು ಇದಕ್ಕೆ ಬೇಡ, ಅಡುಗೆಗೆ ಹಾಕಿಕೊಳ್ಳಿ. ಬಳಸುವಾಗ ಒಂದು ಚಿಟಿಕೆ ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಚೆನ್ನಾಗಿ ಉಜ್ಜಿ, ಘಾಟು ಮೂಗಿಗೆ ಬಡಿಯುತ್ತದಲ್ವಾ, ಆಗಲೇ ಆಲಿವ್ ಎಣ್ಣೆಗೆ ಹಾಕಿ 10 ನಿಮಿಷ ಬಿಡಿ. ಈ ಘಮ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಬೆರೆಯುತ್ತದೆ.