ಪುಣೆದಾಗ ಬಾಲ್ಕನಿಯೊಳಗ ಕಾಡು ಈರುಳ್ಳಿ ಬೆಳಿಬಹುದಾ? ಹೆಂಗ?

ಮೊದಲ ಒಂದ್ ಮಾತ್ ಹೇಳ್ತೀನ್ರಿ. ಟೇಕಡಿ, ಅಂದ್ರ ಗುಡ್ಡದ ಮ್ಯಾಲೆ ವಾಕಿಂಗ್ ಹೋದಾಗ ಉಳ್ಳಾಗಡ್ಡಿಯಂಥಾದು ಕಂಡ್ತು, ಕಿತ್ಕೊಂಡ್ ಬಂದೀನಿ, ಪಾಟಿನ್ಯಾಗ ಹಚ್ಚಿ ಅಡಗಿಗೆ ಬಳಸ್ಬೇಕು ಅಂತ ಬರದೀರಲ್ಲ, ಆ ಗಡ್ಡಿ ಮಾತ್ರ ಅಡಗಿಮನಿ ಒಳಗ ಒಯ್ಯಬ್ಯಾಡ್ರಿ. ಬಿಳೀ ಗಡ್ಡಿ, ಪದರ ಪದರ, ಜಜ್ಜಿದ್ರ ವಾಸನಿನ ಇಲ್ಲ ಅಂತೀರಿ, ಅಂದ್ರ ಅದು ಇಲ್ಲಿ ಮಂದಿ ರಾನಕಾಂದಾ, ಕೋಲಕಾಂದಾ ಅಂತಾರಲ್ಲ ಅದ ಇರಬೇಕು. ನಮ್ಮ ಕಡೆ ಅಡವಿ ಉಳ್ಳಾಗಡ್ಡಿ, ಬೆಂಗಳೂರ ಕಡೆಯವ್ರಿಗೆ ಕಾಡು ಈರುಳ್ಳಿ, ಹೆಸರು ಏನರ ಇರ್ಲಿ ಅದು ಉಳ್ಳಾಗಡ್ಡಿನ ಅಲ್ಲ. ಡ್ರಿಮಿಯಾ ಇಂಡಿಕಾ ಅಂತ ವೈಜ್ಞಾನಿಕ ಹೆಸರು, ಶತಾವರಿ ಕುಟುಂಬದ್ದು. ಹೃದಯದ ಬಡಿತಾನ ಏರುಪೇರು ಮಾಡೋ ಗ್ಲೈಕೋಸೈಡ್ ಅನ್ನೋ ವಿಷದ ಅಂಶ ಅದರಾಗ ಅದಾವ, ಮೆಡಿಟರೇನಿಯನ್ ಕಡೆ ಇದರ ದಾಯಾದಿ ಗಡ್ಡಿಯಿಂದ ಇಲಿ ಪಾಷಾಣ ಮಾಡ್ತಿದ್ರು. ಔಷಧಿಗೆ ಬಳಸ್ತಾರ ಖರೆ, ಆದ್ರ ಅದು ವೈದ್ಯರ ಕೆಲಸ, ನಮ್ಮ ಒಗ್ಗರಣಿ ಕೆಲಸ ಅಲ್ಲ.

ನಾನೂ ಪುಣೆಗೆ ಬಂದ ಹೊಸದಾಗ ಒಂದ್ ತಂದಿದ್ದೆ. ಬರೀ ಕೈಲೆ ಸಿಪ್ಪಿ ಸುಲದೆ, ಲೋಳಿ ಲೋಳಿ ರಸ ಬಂತು, ಹತ್ ನಿಮಿಷದಾಗ ಬಟ್ಟಿನ ಸಂದಿ ಎಲ್ಲಾ ತುರಸಾಕ ಹತ್ತಿತು, ಹುಣಸಿಹಣ್ಣ ತಿಕ್ಕಿದೆ, ಕೊಬ್ಬರಿ ಎಣ್ಣಿ ಹಚ್ಚಿದೆ, ರಾತ್ರಿ ತನಕಾ ಬಿಡಲಿಲ್ಲ. ಸುವರ್ಣಗಡ್ಡಿ ಹೆಚ್ಚಿದಾಗ ಆಗೋ ತುರಿಕಿಯ ಅಪ್ಪ. ಸೂಜಿಯಂಥಾ ಆಕ್ಸಲೇಟ್ ಹರಳು ಇರ್ತಾವಲ್ಲ, ಅವುಗಳ ಕಾರಭಾರ.

ಹಾಂ, ಮಳಿಗಾಲದಾಗ ಮುಂಬೈ, ಠಾಣೆ ಕಡೆ ಆದಿವಾಸಿ ಹೆಣ್ಮಕ್ಕಳು ಫೋಡಶಿ ಅಂತ ಮಾರ್ತಾರಲ್ಲ, ನೋಡಾಕ ಥೇಟ್ ಉಳ್ಳಾಗಡ್ಡಿ ತಪ್ಪಲ, ಅದು ಬ್ಯಾರೆ, ಸಫೇದ್ ಮುಸಳಿ ಜಾತಿದು, ತಿಂತಾರ. ಅದನ್ನ ಅವರ ಹತ್ರನ ತಗೋರಿ, ನೀವ ಗುಡ್ಡದಾಗ ಹುಡುಕಾಕ ಹೋಗಬ್ಯಾಡ್ರಿ, ಯಾಕಂದ್ರ ಮೊದಲನೇ ಮಳಿಗೆ ರಾನಕಾಂದಾದ ಎಲಿನೂ ಅದ ಟೈಮಿಗೆ ಏಳ್ತಾವ.

ಈಗ ಖರೇ ಉಳ್ಳಾಗಡ್ಡಿ ಜಾತಿ. ಚೈವ್ಸ್ ಅಂತ ಐತಿ, ಏಷ್ಯಾ, ಯುರೋಪ್, ಅಮೆರಿಕ ಮೂರೂ ಕಡೆ ತಾನಾಗೇ ಬೆಳೀತೈತಿ, ಟೊಳ್ಳ ಎಲಿ, ನೇರಳೆ ಹೂ. ಆದ್ರ ತಂಪಿನ ಗಿಡ ಅದು. ಡಿಸೆಂಬರ್‌ದಾಗ ನಮ್ಮಲ್ಲಿ ಭಾಳ ಚಂದ ಇತ್ತು, ಏಪ್ರಿಲ್‌ದಾಗ 40 ಡಿಗ್ರಿ ಮುಟ್ಟಿತಿಲ್ಲೋ, ತುದಿಯಿಂದ ಹಳದಿ ಆಗಿ ಒಣಗೇ ಹೋತು. ಅದಕ್ಕ ನಾ ಹೇಳೋದು ಗಾರ್ಲಿಕ್ ಚೈವ್ಸ್ ಹಚ್ರಿ, ಬಿಸಲು ತಡೀತೈತಿ. ಚಪ್ಪಟ ಎಲಿ, ಬಳ್ಳೊಳ್ಳಿ ವಾಸನಿ, ಚುಕ್ಕಿಯಂಥ ಬಿಳೀ ಹೂ. ಮೂಲ ಚೀನಾದ್ದು, ಮಣಿಪುರದಾಗ ಮರೋಯಿ ನಕುಪ್ಪಿ ಅಂತ ಹಿತ್ತಲದಾಗ ಬೆಳಸ್ತಾರ.

ಬೀಜ ಹಾಕೋದಿದ್ರ ಅಕ್ಟೋಬರ್, ನವೆಂಬರ್ ಚಲೋ, ಮತ್ತ ಬೀಜ ಆ ವರ್ಷದ್ದ ಇರಬೇಕು, ಉಳ್ಳಾಗಡ್ಡಿ ಜಾತಿ ಬೀಜ ಹಳೇದಾದ್ರ ಹುಟ್ಟೂದಿಲ್ಲ, ಆನ್‌ಲೈನ್ ತರಿಸಿದ್ದು ಒಂದ್ ಪಾಕೀಟು ಪೂರ್ತಿ ಹಂಗ ದಂಡ ಆತು ನಂದು. ಎರಡ್ ಮೂರ್ ವಾರಕ್ಕ ಕೂದಲಿನಂಥ ಎಳಿ ಸೊಂಟ ಬಗ್ಗಿಸ್ಕೊಂಡು ಮ್ಯಾಲೆ ಬರ್ತಾವ, ಹುಲ್ಲು ಅಂತ ಕಿತ್ತೀರಿ, ಹುಷಾರು. ಅದರಕಿಂತ ಯಾರ ಹತ್ರಾದ್ರೂ ಬುಡ ಒಡದು ಒಂದ್ ಹಿಡಿ ಬೇರು ಸಮೇತ ಇಸ್ಕೊಂಡ್ರ ಕೆಲಸ ಹಗುರ. 8 ಇಂಚಿನ ಪಾಟ್ ಸಾಕು, ಮಣ್ಣು, ಗೊಬ್ಬರ, ಸ್ವಲ್ಪ ಉಸುಕು, ದಿನಕ್ಕ 5-6 ತಾಸು ಬಿಸಲು. ಇಷ್ಟ.

ಕೆಡೋದು ಎಲ್ಲಿ ಅಂದ್ರ ಜುಲೈದಾಗ. ನಾನು ಪಾಟ್ ಕಟ್ಟಿ ಮ್ಯಾಲೆ ಬಿಟ್ಟು ಊರಿಗೆ ಹೋಗಿದ್ದೆ, ಕೆಳಗಿನ ತಾಟಿನ್ಯಾಗ ನೀರು ನಿಂತು ಬೇರು ಕೊಳತು ಗಬ್ಬು ವಾಸನಿ, ಪಕ್ಕದ ಫ್ಲ್ಯಾಟಿನ ಆಜಿ ಬಂದು ಇಲಿ ಸತ್ತೈತೇನು ಅಂತ ಕೇಳಿದ್ರು. ಮಳಿಗಾಲದಾಗ ತಾಟು ತಗೀರಿ, ಪಾಟನ್ನ ಒಳಗ ಸರಸ್ರಿ.

ಕೊಯ್ಯೋವಾಗ ಬುಡದಾಗ 2 ಇಂಚು ಬಿಟ್ಟು ಕತ್ತರೀಲೆ ಕೊಯ್ರಿ, ತಿಂಗಳದಾಗ ಮತ್ತ ಬರ್ತೈತಿ. ಹೂವಿನ ಮೊಗ್ಗೂ ತಿನ್ನಬಹುದು, ಹೂ ಬೀಜ ಆಗಾಕ ಬಿಟ್ರ ಬಾಜೂ ಪಾಟಿನ್ಯಾಗೆಲ್ಲಾ ಅದ ಹುಟ್ತೈತಿ. ಎರಡ್ಮೂರು ವರ್ಷಕ್ಕೊಮ್ಮೆ ಬುಡ ಒಡದು ಹಂಚ್ರಿ. ಝುಣಕದಾಗ, ಅಂದ್ರ ಕಡ್ಲಿ ಹಿಟ್ಟಿನ ಪಲ್ಯದಾಗ, ಕಡೀಗೆ ಒಂದ್ ಹಿಡಿ ಹಾಕಿ ಒಲಿ ಆರಿಸಿಬಿಡ್ರಿ, ಭಾಳ ಕುದಿಸಿದ್ರ ವಾಸನಿ ಹೋಗ್ತೈತಿ. ಮನ್ಯಾಗ ಬೆಕ್ಕು ನಾಯಿ ಇದ್ರ ಎತ್ತರದಾಗ ಇಡ್ರಿ, ಅವಕ್ಕ ಉಳ್ಳಾಗಡ್ಡಿ ಬಳ್ಳೊಳ್ಳಿ ಜಾತಿ ಎಲ್ಲಾ ವಿಷ.

ತಂದ ಆ ರಾನಕಾಂದಾ ಒಗೀಬೇಕಂತೇನಿಲ್ಲ, ಕೈಗೆ ಪ್ಲಾಸ್ಟಿಕ್ ಚೀಲ ಸುತ್ಕೊಂಡು ಬ್ಯಾರೆ ಪಾಟಿನ್ಯಾಗ ಕುತ್ತಿಗಿ ಮ್ಯಾಲೆ ಇರೂಹಂಗ ಹಚ್ರಿ, ಎಲಿ ಒಣಗಿದ ಮ್ಯಾಲೆ ನೀರು ನಿಲ್ಲಸ್ರಿ, ಬ್ಯಾಸಗಿಯೊಳಗ ಎಲಿ ಒಂದೂ ಇಲ್ದ ಉದ್ದನ ದಂಟು ಎದ್ದು ಹೂ ಬಿಡ್ತೈತಿ, ನೋಡಾಕ ಮಜಾ. ಪಾಟಿಗೆ ಚೀಟಿ ಮಾತ್ರ ಅಂಟಸ್ರಿ, ಮರಾಠಿಯೊಳಗ ಬರೀರಿ, ಇಲ್ಲಂದ್ರ ಕೆಲಸಕ್ಕ ಬರೋ ಮಾವಶಿ ಮನ್ಯಾಗ ಕಾಂದಾ, ಅಂದ್ರ ಉಳ್ಳಾಗಡ್ಡಿ, ತೀರೈತಂತ ಅದನ್ನ ಕಿತ್ತು ಹೆಚ್ಚಿಬಿಟ್ಟಾರು.